‘ಆಯ್ತು’ ಅನ್ನದ ಮನೆ

ಆ ಮನೆಯಲ್ಲಿ ‘ಆಯ್ತು’ ಎನ್ನುವ ಮಾತಿಗೆ ನಿಷೇಧ ಬಿದ್ದು ತಿಂಗಳಾಗುತ್ತ ಬಂದಿತ್ತು. ಅಂದವರು ಪಾತ್ರೆ ತೊಳೆಯಬೇಕು. ಕಾನೂನು ಮಾಡಿದವಳು ಹೆಂಡತಿ, ತಲೆಯಾಡಿಸಿ ಒಪ್ಪಿದವನು ಗಂಡ, ಮೊದಲ ಏಟಿಗೇ ಸಿಕ್ಕಿಬಿದ್ದವರು ಗಂಡನ ತಾಯಿ.

“ಅತ್ತೆ, ಇನ್ಮೇಲೆ ಈ ಮನೇಲಿ ಯಾರೂ ಆ ಮಾತು ಆಡೋ ಹಾಗಿಲ್ಲ,” ಎಂದಳು ಸೊಸೆ.

“ಆಯ್ತಮ್ಮ,” ಎಂದರು ಅತ್ತೆ.

“ನೋಡಿ, ಅಂದೇಬಿಟ್ರಿ!”

“ಅಯ್ಯೋ, ಆಯ್ತು ಬಿಡೇ, ನಾನೇ ತೊಳೀತೀನಿ.”

ಹೀಗೆ ಮುದುಕಿ ನಿಂತ ನಿಲುವಿನಲ್ಲೇ ಎರಡು ಹೊತ್ತಿನ ಪಾತ್ರೆಯನ್ನು ಮೈಮೇಲೆ ಎಳೆದುಕೊಂಡರು. ನಗುವವರು ನಗಲಿ, ಆದರೆ ಒಂದೇ ಒಂದು ದಿನ ಆ ಮಾತಿಲ್ಲದೆ ಬದುಕಿ ನೋಡಲಿ. ಊಟ ಆಯ್ತಾ ಎಂದು ಕೇಳುವ ಹಾಗಿಲ್ಲ. ಫೋನ್ ಇಡುವಾಗ ಆಯ್ತು ಇಡ್ಲಾ ಎನ್ನುವ ಹಾಗಿಲ್ಲ. ಜಗಳದಲ್ಲಿ ಸೋತವರು ಏನೆಂದು ಸೋಲಬೇಕು ಹೇಳಿ? ನಮ್ಮ ಜನರ ಬಾಯಿಂದ ಆ ಮಾತನ್ನು ಕೀಳುವುದೆಂದರೆ ಹಲ್ಲು ಕಿತ್ತ ಹಾಗೇ.

ಗಂಡ ವಿಮಾನ ನಿಲ್ದಾಣದಲ್ಲಿ ರನ್‌ವೇ ಗುಡಿಸುವ ಲಾರಿಯ ಡ್ರೈವರ್ ಆಗಿದ್ದವನು. ಲಾರಿಯ ಹೊಟ್ಟೆಯ ಕೆಳಗೆ ತಿರುಗುವ ದೊಡ್ಡ ಬ್ರಷ್ ಇರುತ್ತದೆ, ಹಿಂದೆ ಕಸ ಹೀರುವ ಕೊಳವೆ. ಒಂದು ಬೋಲ್ಟು, ಒಂದು ಕಲ್ಲಿನ ಚೂರು, ಹರಿದ ಟೈರಿನ ತುಂಡು, ಇಷ್ಟಿದ್ದರೂ ಸಾಕು, ವಿಮಾನದ ಇಂಜಿನ್ ಅದನ್ನು ನುಂಗಿ ಕೆಡುತ್ತದೆ. ಅದನ್ನೆಲ್ಲ ಬಳಿದು ತೆಗೆಯುವ ಕೆಲಸದಿಂದ ಅವನಿಗೆ ಪೊರಕೆಯಣ್ಣ ಎಂಬ ಹೆಸರು ಬಿದ್ದಿತ್ತು. ಅವನಿಗೆ ಅದರಿಂದ ಬೇಜಾರಿರಲಿಲ್ಲ, ಖುಷಿಯೇ ಇತ್ತು. “ಮನೇಲಿ ಒಂದು ದಿನ ಪೊರಕೆ ಮುಟ್ಟಿದವನಲ್ಲ, ಅಲ್ಲಿ ಮೈಲಿಗಟ್ಟಲೆ ಗುಡಿಸ್ತಾನೆ ನನ್ನ ಮಗ,” ಎಂದು ತಾಯಿ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದರು. ಬೆಳಗಿನ ಹೊತ್ತು ಅಷ್ಟುದ್ದದ ಖಾಲಿ ರನ್‌ವೇ, ಎರಡೂ ಕಡೆ ಹುಲ್ಲು, ಮೇಲೆ ಬರೀ ಆಕಾಶ. ಲಾರಿಯಲ್ಲಿ ಒಬ್ಬನೇ ಕೂತು ರೇಡಿಯೋದಲ್ಲಿ ವಿಮಾನಗಳ ಏರಿಳಿತ ನಡೆಸುವ ಟವರ್‌ನವರ ಜೊತೆ ಹರಟುತ್ತ, ಬೈಸಿಕೊಳ್ಳುತ್ತ, ನಗಿಸುತ್ತ ಓಡಾಡುವವನು. ಬಾಯಿಗೆ ಬಿಡುವು ಕೊಟ್ಟವನೇ ಅಲ್ಲ.

ಎರಡು ವರ್ಷದ ಹಿಂದೆ ಒಂದು ಮಂಜಿನ ಬೆಳಗ್ಗೆ ಎಲ್ಲ ಕೆಟ್ಟಿತು.

ಅವತ್ತು ಟವರ್‌ನ ಗಾಜಿನಿಂದ ನೋಡಿದರೆ ರನ್‌ವೇ ಹಾಗಿರಲಿ, ಟವರ್‌ನ ಬುಡವೇ ಕಾಣುತ್ತಿರಲಿಲ್ಲ. ನೆಲದ ಮೇಲಿನ ಗಾಡಿಗಳನ್ನು ತೋರಿಸುವ ರಾಡಾರ್ ಕೆಟ್ಟು ರಿಪೇರಿಗೆ ಬಿಚ್ಚಿಟ್ಟಿತ್ತು. ಲಾರಿಯ ನೆತ್ತಿಯ ಮೇಲಿನ ತಿರುಗುವ ದೀಪ ಮಂಕಾಗಿತ್ತು, ಬದಲಾಯಿಸಬೇಕೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಬದಲಾಯಿಸಿರಲಿಲ್ಲ. ಪೈಲಟ್‌ಗಳ ಜೊತೆ ಇಂಗ್ಲಿಷು, ನೆಲದ ಗಾಡಿಗಳ ಜೊತೆ ಮನೆಮಾತು, ಇದು ಅಲ್ಲಿನ ರೂಢಿ. ಮಂಜು ಸ್ವಲ್ಪ ತೆಳ್ಳಗಾದದ್ದೇ ತಡ, ಮೇಲೆ ಸುತ್ತುತ್ತಿದ್ದ ವಿಮಾನವೊಂದಕ್ಕೆ ಇಳಿಯಲು ಹೇಳುವ ಮುನ್ನ ಟವರ್‌ನ ಹೆಂಗಸು ಇವನನ್ನು ಕರೆದಳು.

“ಪೊರಕೆಯಣ್ಣ, ವಿಮಾನ ಇಳೀತಿದೆ, ರನ್‌ವೇ ಬಿಡಿ.”

“ಆಯ್ತು,” ಎಂದ ಇವನು.

ಅಂದರೆ ‘ಸರಿ, ಬಿಡ್ತೀನಿ’ ಎಂದು. ಅವಳಿಗೆ ಕೇಳಿಸಿದ್ದು ‘ಬಿಟ್ಟಾಯ್ತು’ ಎಂದು. ಒಂದೇ ಮಾತು, ಒಂದೇ ದನಿ, ಇಬ್ಬರೂ ಹುಟ್ಟಿದಾಗಿನಿಂದ ಅದನ್ನೇ ಆಡಿದವರು. ಅವಳು ವಿಮಾನಕ್ಕೆ ಇಳಿಯಲು ಹೇಳಿದಳು. ಇವನು ಬ್ರಷ್ ಮೇಲೆತ್ತಿ, ಗೇರ್ ಹಾಕಿ, ಹೊರಳುತ್ತಿದ್ದ. ಮಂಜಿನೊಳಗಿಂದ ಲಾರಿಯ ದೀಪ ಕಣ್ಣಿಗೆ ಬಿದ್ದಾಗ ಪೈಲಟ್ ವಿಮಾನದ ಮೂಗನ್ನು ಒಮ್ಮೆಲೇ ಎತ್ತಿದ. ಇಳಿಯುವ ವಿಮಾನಕ್ಕೆ ವೇಗ ಕಮ್ಮಿ, ಹಾಗೆ ಎತ್ತಿದರೆ ರೆಕ್ಕೆಗೆ ಗಾಳಿಯ ಆಸರೆ ತಪ್ಪುತ್ತದೆ. ಅದು ಇವನ ತಲೆಯ ಮೇಲೇ ಹಾದು, ಒಂದು ಕಡೆಗೆ ವಾಲಿ, ಬೇಲಿಯಾಚೆಯ ಬಯಲಿಗೆ ಬಿತ್ತು. ಬದುಕಿ ಉಳಿದವರು ಕೆಲವೇ ಜನ. ಲಾರಿಗೆ ಒಂದು ಗೀರೂ ಬೀಳಲಿಲ್ಲ.

ತನಿಖೆ ನಡೆಯಿತು. ದೊಡ್ಡ ಸಭಾಂಗಣದಲ್ಲಿ ಆ ಬೆಳಗಿನ ರೇಡಿಯೋ ಮಾತಿನ ಟೇಪು ಹಾಕಿ ಕೇಳಿಸಿದರು. ಹಿಂದಿನ ಸಾಲುಗಳಲ್ಲಿ ಸತ್ತವರ ಮನೆಯವರು ಕೂತಿದ್ದರು. ಪೊರಕೆಯಣ್ಣ ಆ ಕಡೆ ಕತ್ತು ತಿರುಗಿಸಲಿಲ್ಲ. ಟವರ್‌ನ ಹೆಂಗಸೂ ಅಲ್ಲೇ ಎಲ್ಲೋ ಇದ್ದಳು, ಅವಳ ಮುಖವನ್ನೂ ನೋಡಲಿಲ್ಲ.

“ನೀವು ‘ಆಯ್ತು’ ಅಂದಿದ್ದು ಯಾವ ಅರ್ಥದಲ್ಲಿ?” ಎಂದು ಕೇಳಿದರು ತನಿಖೆಯ ಮುಖ್ಯಸ್ಥರು, ತಲೆನರೆತ, ತಾಳ್ಮೆಯ ಮನುಷ್ಯ.

“ಆಯ್ತು ಅಂದ್ರೆ... ಆಯ್ತು ಸಾರ್. ಬಿಡ್ತೀನಿ ಅಂತ.”

“ನೀವು ಏನಂತ ತಿಳ್ಕೊಂಡ್ರಿ?” ಎಂದು ಅವಳನ್ನು ಕೇಳಿದರು.

“ಆಯ್ತು ಅಂದ್ರೆ ಆಯ್ತು ಅಂತಾನೇ ಸಾರ್. ಬಿಟ್ಟಿದ್ದಾರೆ ಅಂತ,” ಎಂದಿತು ಹೆಣ್ಣುದನಿ.

ಮುಖ್ಯಸ್ಥರು ಇಬ್ಬರ ಮಾತನ್ನೂ ಬರೆದುಕೊಂಡು ಪೆನ್ನು ಕೆಳಗಿಟ್ಟರು. ಕಡೆಗೆ ಗುಮಾಸ್ತನ ಕಡೆ ತಿರುಗಿ, “ಆಯ್ತು, ಮುಂದಿನವರನ್ನ ಕರೀರಿ,” ಎಂದರು.

ತಾವು ಏನಂದೆವು ಎಂದು ಅವರಿಗೇ ಅರಿವಾಗಿ ಮುಖ ಬಿಳಚಿಕೊಂಡಿತು. ಆ ಗುಮಾಸ್ತ ಪಾಪ, ಅರ್ಧ ಎದ್ದವನು ಹಾಗೇ ನಿಂತ, ಕರೆಯಬೇಕೋ ಬೇಡವೋ ತಿಳಿಯದೆ. ಅಷ್ಟು ಜನರಲ್ಲಿ ಒಬ್ಬರೂ ನಗಲಿಲ್ಲ. ಮಂಜು, ರಾಡಾರು, ಮಂಕು ದೀಪ, ಹೇಳಿದ್ದನ್ನು ತಿರುಗಿ ಹೇಳಿಸದ ಪದ್ಧತಿ, ಇವೆಲ್ಲ ಸೇರಿ ಆದ ಅನಾಹುತ ಎಂದು ತೀರ್ಮಾನವಾಯಿತು. ಯಾರೊಬ್ಬರ ತಲೆಗೂ ಕಟ್ಟಲಿಲ್ಲ. ಆದರೆ ಪೊರಕೆಯಣ್ಣನನ್ನು ರನ್‌ವೇಯಿಂದ ತೆಗೆದು ಕಾರು ನಿಲ್ಲಿಸುವ ಜಾಗಕ್ಕೆ ಹಾಕಿದರು. ಅಲ್ಲಿ ಮಾತಾಡುವ ಕೆಲಸವಿಲ್ಲ, ಕೈ ಬೀಸಿದರೆ ಸಾಕು.

ಅವನು ಮಾತನ್ನೇ ಬಿಟ್ಟ. ಕೇಳಿದ್ದಕ್ಕೆ ತಲೆಯಾಡಿಸುವುದು, ಬೇಡದ್ದಕ್ಕೆ ಕೈಯಾಡಿಸುವುದು, ಇಷ್ಟೇ. ಹೆಂಡತಿ ಮನೆಯಲ್ಲೇ ಪರದೆ, ದಿಂಬಿನ ಚೀಲ ಹೊಲಿದು ಕೊಡುವವಳು. ಹೊಲಿಗೆ ಮಿಷನ್ನಿನ ಸದ್ದು ನಿಂತರೆ ಮನೆಯಲ್ಲಿ ಗಡಿಯಾರ ಬಿಟ್ಟು ಬೇರೆ ದನಿಯೇ ಇರುತ್ತಿರಲಿಲ್ಲ. ಅವಳು ಬೈದು ನೋಡಿದಳು, ಅತ್ತು ನೋಡಿದಳು. ಗೋಡೆ ಜೊತೆ ಮಾತಾಡಿದರೂ ಒಂದು, ಇವನ ಜೊತೆ ಮಾತಾಡಿದರೂ ಒಂದು.

ಲಾರಿಯ ಸೀಟು ಖಾಲಿಯಾಗಿದೆ ಎಂಬ ಸುದ್ದಿ ಬಂದಾಗ ಅವನೇ ಬಾಯಿಬಿಟ್ಟ. “ನಂಗೆ ಆ ಕೆಲಸ ವಾಪಸ್ ಬೇಕು ಕಣೇ,” ಎಂದ. “ಅವತ್ತಿನ ಆ ದಿನಕ್ಕೇ ನನ್ನ ಕೆಲಸ ಮುಗೀಬಾರದು.”

ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟು ಹೆಂಡತಿ ಅವನನ್ನೇ ನೋಡಿದಳು. ಎರಡು ವರ್ಷದಲ್ಲಿ ಅವನು ಒಟ್ಟಿಗೆ ಆಡಿದ ಅಷ್ಟುದ್ದದ ಮಾತು ಅದೇ. ಹೊಟ್ಟೆಗೆ ಹಾಲು ಹುಯ್ದ ಹಾಗಾಯಿತು ಅವಳಿಗೆ.

ಕೆಲಸ ಸುಮ್ಮನೆ ಸಿಗುವ ಹಾಗಿರಲಿಲ್ಲ. ಅಪಘಾತವಾದ ಮೇಲೆ ರೇಡಿಯೋದಲ್ಲಿ ಆಡುವ ಮಾತಿಗೇ ಹೊಸ ಪಾಠ ಶುರುವಾಗಿತ್ತು. ಅದನ್ನು ಕಲಿಸುವ ಮೇಡಂ ಕಡ್ಡಿಯಂಥ ಹೆಂಗಸು, ಕನ್ನಡಕದ ಮೇಲಿಂದ ನೋಡುವವರು. ‘ಆಯ್ತು’ ಹೋಯಿತು, ಅದರ ಬೆನ್ನಿಗೇ ‘ಸರಿ’ ಹೋಯಿತು, ‘ಹೂಂ’ ಹೋಯಿತು. ಹೇಳಿದ್ದನ್ನು ಪೂರ್ತಿ ತಿರುಗಿ ಹೇಳಬೇಕು. ಹೊರಡುವಾಗ ‘ಬಿಡ್ತಾ ಇದ್ದೀನಿ, ಇನ್ನೂ ಒಳಗಿದ್ದೀನಿ’ ಎನ್ನಬೇಕು. ರನ್‌ವೇಯ ಅಂಚಿನ ಗೆರೆ ದಾಟಿದ ಮೇಲೆ ಮಾತ್ರ ‘ಹೊರಗಿದ್ದೀನಿ’.

“ಅಷ್ಟುದ್ದ ಯಾಕೆ ಮೇಡಂ? ‘ಬಿಟ್ಟಾಯ್ತು’ ಅಂದ್ರೆ ಆಗಲ್ವಾ?” ಎಂದ ಪಾಠಕ್ಕೆ ಬಂದಿದ್ದ, ವಿಮಾನಕ್ಕೆ ಎಣ್ಣೆ ತುಂಬುವ ಲಾರಿಯವನು, ಭಾರಿ ಬುದ್ಧಿವಂತನ ಹಾಗೆ.

ಮೇಡಂ ಹಣೆ ಚಚ್ಚಿಕೊಂಡರು. “ಬಾಗಿಲಲ್ಲಿ ಓಡಿಸಿದ್ರೆ ಕಿಟಕೀಲಿ ಕರ್ಕೊಂಡ್ ಬರ್ತೀರಲ್ರೀ ಅದನ್ನ!”

ಪಾಠ ಮುಗಿಸಿ, ಮೇಡಂ ಪಕ್ಕದ ಸೀಟಿನಲ್ಲಿ ಕೂತಿರುವಂತೆ ಒಂದು ವಾರ ರನ್‌ವೇ ಗುಡಿಸಬೇಕು. ಒಂದೇ ಒಂದು ಸಲ ನಾಲಿಗೆ ಜಾರಿದರೂ ಮುಗಿಯಿತು, ಕಾರು ನಿಲ್ಲಿಸುವ ಜಾಗವೇ ಗತಿ, ಇನ್ನೊಂದು ಅವಕಾಶ ಅವನಿಗಂತೂ ಇಲ್ಲ. ಹೆಂಡತಿ ಮನೆಯಲ್ಲಿ ಕಾನೂನು ತಂದದ್ದು ಇದಕ್ಕೇ. ಅವಳಿಗೆ ಗೊತ್ತಿತ್ತು, ರೇಡಿಯೋದಲ್ಲಿ ಮಾತ್ರ ಬಿಡುತ್ತೇನೆಂದರೆ ಅದು ಬಿಡುವ ಮಾತಲ್ಲ, ಬುಡಸಮೇತ ಕೀಳಬೇಕು.

ಅವಳೇ ಟವರ್ ಆದಳು. ರನ್‌ವೇ ಯಾವುದೆಂದರೆ ಬಚ್ಚಲುಮನೆ.

“ಪೊರಕೆಯಣ್ಣ, ಅತ್ತೆ ಇಳೀತಿದ್ದಾರೆ, ಬಚ್ಚಲು ಬಿಡಿ!” ಎಂದು ಅಡುಗೆಮನೆಯಿಂದ ಕೂಗುವಳು.

“ಅತ್ತೆ ಇಳೀತಿದ್ದಾರೆ, ಬಚ್ಚಲು ಬಿಡ್ತಾ ಇದ್ದೀನಿ, ಇನ್ನೂ ಒಳಗಿದ್ದೀನಿ,” ಎಂದು ಒಳಗಿಂದ ನೀರಿನ ಸದ್ದಿನ ನಡುವೆ ಉತ್ತರ.

“ಅವನಿಗೆ ನಾನು ಅತ್ತೆ ಹೇಗಾಗ್ತೀನೇ?” ಎಂದು ಬಾಗಿಲ ಹೊರಗೆ ಟವೆಲ್ ಹಿಡಿದು ಸುತ್ತು ಹಾಕುತ್ತಿದ್ದ ತಾಯಿ ಸಿಡುಕುವರು. “ಬೇಗ ಬಾರೋ, ಇನ್ನೆಷ್ಟು ಸುತ್ತು ಹೊಡೀಲಿ ನಾನು? ಪೆಟ್ರೋಲ್ ಮುಗೀತಾ ಬಂತು!”

ಪಕ್ಕದ ಮನೆಯಾತ ಒಂದು ಮಧ್ಯಾಹ್ನ ಕಾಂಪೌಂಡಿನ ಆಚೆಯಿಂದ ಎಂದಿನಂತೆ “ಊಟ ಆಯ್ತಾ?” ಎಂದ. ಪೊರಕೆಯಣ್ಣ ನೆಟ್ಟಗೆ ನಿಂತು, “ಊಟ ಮಾಡಿದ್ದೀನಿ. ಕೈ ತೊಳ್ದಿದ್ದೀನಿ. ಅಡುಗೆಮನೆಯಿಂದ ಹೊರಗಿದ್ದೀನಿ,” ಎಂದ. ಆತ ಒಳಗೆ ಹೋಗಿ ಹೆಂಡತಿಯ ಹತ್ತಿರ, “ಪಾಪ, ಅವನಿಗೆ ಇನ್ನೂ ಸರಿಹೋಗಿಲ್ಲ,” ಎಂದನಂತೆ. ಇಲ್ಲಿ ಒಳಗೆ ಅತ್ತೆ ಸೊಸೆ ನಕ್ಕು ನಕ್ಕು ಗೋಡೆಗೆ ಒರಗಿದ್ದರು. ಪೊರಕೆಯಣ್ಣನೂ ನಕ್ಕ. ನಗುವಾಗ ಅವನ ಭುಜ ಕುಲುಕುವುದನ್ನು ಹೆಂಡತಿ ಮರೆತೇಬಿಟ್ಟಿದ್ದಳು.

ಪರೀಕ್ಷೆಯ ವಾರ ಬಂತು. ಮೊದಲ ದಿನ ಲಾರಿ ಹತ್ತಿ ರೇಡಿಯೋ ಹಾಕಿದ್ದೇ ತಡ, ಟವರ್‌ನಿಂದ ಬಂದ ದನಿ ಅವನಿಗೆ ಗುರುತು ಸಿಕ್ಕಿತು. ಅದೇ ಹೆಂಗಸು. ಅವಳೂ ಇವನ ದನಿ ಗುರುತಿಸಿರಬೇಕು. ಇಬ್ಬರೂ ಕುಶಲ ಕೇಳಲಿಲ್ಲ, ಹಳೆಯದು ತೆಗೆಯಲಿಲ್ಲ. ಅವಳು ಹೇಳಿದಳು, ಇವನು ತಿರುಗಿ ಹೇಳಿದ. ಪಕ್ಕದಲ್ಲಿ ಮೇಡಂ ಮಡಿಲಲ್ಲಿ ಕೈ ಕಟ್ಟಿ ಕೂತು ಕಿವಿ ನಿಮಿರಿಸಿದ್ದರು. ಆ ದಿನ ದಾಟಿತು, ಮರುದಿನವೂ ದಾಟಿತು. ಮೂರನೆಯ ದಿನ ಅವನಿಗೆ ಹುಲ್ಲಿನ ವಾಸನೆ ಹಳೆಯ ಹಾಗೇ ಬಂತು. ಮನೆಗೆ ಹೋಗಿ ಅದನ್ನೇ ಹೇಳಿದ. ಹೆಂಡತಿ ಇನ್ನೊಂದು ಸೌಟು ಬಡಿಸಿದಳು.

ಕೊನೆಯ ದಿನ ಬೆಳಗ್ಗೆ ತೆಳ್ಳಗೆ ಮಂಜು. ಅಷ್ಟೇನೂ ಇಲ್ಲ, ಆದರೆ ಅವನಿಗೆ ಅಷ್ಟೇ ಸಾಕಿತ್ತು. ರನ್‌ವೇಯ ನಡುಮಧ್ಯೆ, ಎಡಗಡೆಗೆ, ಏನೋ ಮಿಂಚಿತು. ಇಳಿದು ನೋಡಿದರೆ ಯಾವುದೋ ವಿಮಾನದಿಂದ ಕಳಚಿದ ತಗಡಿನ ಪಟ್ಟಿ, ಅಂಗೈ ಉದ್ದ, ಅಂಚು ಚೂಪು. ಅದನ್ನು ಎತ್ತಿಕೊಂಡ. ಸ್ವಲ್ಪ ಆಚೆಗೆ ಅದರದ್ದೇ ಇನ್ನೊಂದು ತುಂಡು. ಅದಕ್ಕೆಂದು ಹೆಜ್ಜೆಯಿಟ್ಟಾಗ ಭುಜಕ್ಕೆ ಸಿಕ್ಕಿಸಿದ ರೇಡಿಯೋ ಮಾತಾಡಿತು.

“ಪೊರಕೆಯಣ್ಣ, ವಿಮಾನ ಇಳೀತಿದೆ, ರನ್‌ವೇ ಬಿಡಿ.”

ಅದೇ ಮಾತು. ಅದೇ ದನಿ. ಅವನ ತುಟಿ ತೆರೆಯಿತು, ನಾಲಿಗೆ ತನ್ನ ಪಾಡಿಗೆ ಹಳೆಯ ದಾರಿ ಹಿಡಿಯಿತು.

“ಆ...”

ಅಷ್ಟು ಹೊರಗೆ ಬಂದೇಬಿಟ್ಟಿತು. ಲಾರಿಯ ಕಿಟಕಿಯಲ್ಲಿ ಮೇಡಂ ಮುಖ ಕಾಣಿಸಿತು. ಅವನು ಬಾಯಿ ಮುಚ್ಚಿ, ಮತ್ತೆ ತೆರೆದ.

“ವಿಮಾನ ಇಳೀತಿದೆ, ರನ್‌ವೇ ಬಿಡ್ತಾ ಇದ್ದೀನಿ, ಇನ್ನೂ ಒಳಗಿದ್ದೀನಿ. ಇಲ್ಲಿ ತಗಡು ಬಿದ್ದಿದೆ, ಇನ್ನೂ ಒಂದು ತುಂಡಿದೆ. ಇನ್ನೂ ಒಳಗೇ ಇದ್ದೀನಿ.”

ಓಡಿ ಹೋಗಿ ಲಾರಿ ಹತ್ತಿದ್ದರೆ ಸಮಯಕ್ಕೆ ಸರಿಯಾಗಿ ಆಚೆ ಸೇರಬಹುದಿತ್ತೇನೋ. ಆದರೆ ಆ ತುಂಡು ಅಲ್ಲೇ ಉಳಿಯುತ್ತಿತ್ತು.

“ಇನ್ನೂ ಒಳಗಿದ್ದೀರಿ,” ಎಂದಳು ಟವರ್‌ನ ಹೆಂಗಸು. “ಗಾಬರಿ ಬೇಡ. ವಿಮಾನಾನ ವಾಪಸ್ ಮೇಲೆ ಕಳಿಸ್ತಿದ್ದೀನಿ. ನಿಧಾನಕ್ಕೆ ಹುಡುಕಿ.”

ವಿಮಾನ ಇನ್ನೂ ದೂರದಲ್ಲಿತ್ತು, ಎತ್ತರದಲ್ಲೂ ಇತ್ತು. ಇಂಜಿನ್ನಿನ ಮೊರೆತ ದೊಡ್ಡದಾಗಿ, ಮಂಜಿನ ಮೇಲೆ ಎಲ್ಲೋ ಹಾದು, ಸರಾಗವಾಗಿ ಏರಿ, ಸಣ್ಣದಾಗುತ್ತ ಹೋಯಿತು. ಪೊರಕೆಯಣ್ಣ ತಗಡು ಹಿಡಿದು ಆ ಸದ್ದು ಪೂರ್ತಿ ಕರಗುವವರೆಗೂ ನಿಂತೇ ಇದ್ದ. ಆಮೇಲೆ ಎರಡನೆಯ ತುಂಡು ಎತ್ತಿದ, ಸುತ್ತ ಹುಡುಕಿ ಮೂರನೆಯದನ್ನೂ ಎತ್ತಿದ, ಲಾರಿ ಹತ್ತಿ, ಗೆರೆ ದಾಟಿ, ಬ್ರೇಕ್ ಹಾಕಿ, “ರನ್‌ವೇಯಿಂದ ಹೊರಗಿದ್ದೀನಿ,” ಎಂದ.

“ಹೊರಗಿದ್ದೀರಿ. ಕೇಳಿಸ್ತು,” ಎಂದಳು ಅವಳು. ಆಮೇಲೆ ಪಾಠದಲ್ಲಿಲ್ಲದ ಮಾತೊಂದನ್ನು ಸೇರಿಸಿದಳು. “ಚೆನ್ನಾಗ್ ಕೇಳಿಸ್ತು ಅಣ್ಣ.”

ಅವನು ಇಂಜಿನ್ ಆರಿಸಿ ಮೇಡಂ ಕಡೆ ನೋಡದೆ ಹೇಳಿದ. “ಜಾರಿಬಿಡ್ತು ಮೇಡಂ. ನನ್ನಿಂದ ವಿಮಾನಾನೂ ತಿರುಗಿಸ್ಬೇಕಾಯ್... ತಿರುಗಿಸಿದ್ರು. ಪಾರ್ಕಿಂಗ್‌ಗೇ ಕಳಿಸ್ಬಿಡಿ.”

“‘ಆ’ ಅಂದ್ರಿ, ಕೇಳಿಸ್ತು,” ಎಂದರು ಮೇಡಂ. ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಳ್ಳುತ್ತಿದ್ದರು, ಕಣ್ಣನ್ನೂ ಒರೆಸಿಕೊಂಡರು. “ಒಂದಕ್ಷರಕ್ಕೆಲ್ಲ ಯಾರನ್ನೂ ನಪಾಸ್ ಮಾಡಲ್ಲ ನಾನು. ಸೋಮವಾರದಿಂದ ಒಬ್ಬರೇ ಬನ್ನಿ. ನಂಗೆ ಈ ಲಾರಿ ಕುಲುಕಾಟ ಸಾಕಾಗಿದೆ, ಸೊಂಟ ಬಿದ್ದುಹೋಗಿದೆ.”

ಲಾರಿಯನ್ನು ಅದರ ಜಾಗದಲ್ಲಿ ನಿಲ್ಲಿಸಿ ಮನೆಗೆ ಫೋನ್ ಮಾಡಿದ. ಹೆಂಡತಿ ಮೊದಲ ರಿಂಗಿಗೇ ಎತ್ತಿದಳು. “ಸಿಕ್ತು ಕಣೇ,” ಎಂದ. ಅತ್ತ ಕಡೆ ಅವಳ ಅಳು, ಅದರ ಹಿಂದೆ ತಾಯಿಯ ಕೂಗು, “ಕೆಲಸ ಆಯ್ತಂತಾ? ಆಯ್ತಂತಾ? ಹೋಗ್ಲಿ ಬಿಡು, ಇವತ್ತಿನ ಪಾತ್ರೆ ನಂದೇ!”

ಅಷ್ಟರಲ್ಲಿ ಆ ವಿಮಾನ ಸುತ್ತಿ ಬಂದು ಇಳಿದಿತ್ತು. ಮಂಜು ಪೂರ್ತಿ ಹರಿದು ಬಿಸಿಲು ಬಿದ್ದಿತ್ತು. ಮನೆಗೆ ಹೊರಟವನು ಪ್ರಯಾಣಿಕರು ಹೊರಗೆ ಬರುವ ಬಾಗಿಲನ್ನು ಹಾದು ಹೋಗಬೇಕು. ಎರಡು ವರ್ಷದಿಂದ ಅವನು ಆ ಬಾಗಿಲು ತಪ್ಪಿಸಿ, ಹಿಂದಿನ ಗೋದಾಮು ಬಳಸಿಕೊಂಡು ಹೋಗುತ್ತಿದ್ದ. ಇವತ್ತು ಕಾಲು ನೇರ ಅಲ್ಲಿಗೇ ನಡೆಯಿತು.

ಜನ ಬರುತ್ತಿದ್ದರು. ಒಬ್ಬ ಫೋನಿನಲ್ಲಿ ಕಿರುಚುತ್ತಿದ್ದ, ಒಬ್ಬಳು ಚಕ್ರ ಮುರಿದ ಪೆಟ್ಟಿಗೆಯನ್ನು ಎಳೆಯುತ್ತ ಗಂಡನಿಗೆ ಬೈಯುತ್ತಿದ್ದಳು, ಮುದುಕನೊಬ್ಬ ಕಿವಿಯೊಳಗೆ ಬೆರಳಿಟ್ಟು ಅಲ್ಲಾಡಿಸುತ್ತಿದ್ದ. ಒಬ್ಬರ ಮುಖದಲ್ಲೂ ಸಂತೋಷವಿರಲಿಲ್ಲ. ಎಲ್ಲರಿಗೂ ತಡವಾಗಿತ್ತು, ಎಲ್ಲರಿಗೂ ಸಿಟ್ಟು ಬಂದಿತ್ತು. ಪೊರಕೆಯಣ್ಣ ಕಂಬಕ್ಕೆ ಒರಗಿ ನೋಡುತ್ತ ನಿಂತ. ಎಂಥ ಚಂದದ ಸಿಟ್ಟು! ಬೈಯಲಿ, ಚೆನ್ನಾಗಿ ಬೈಯಲಿ, ಇನ್ನಷ್ಟು ಬೈಯಲಿ ಎನ್ನಿಸಿತು ಅವನಿಗೆ.

ಕಂಕುಳಲ್ಲಿ ಮಗು ಹೊತ್ತ ಹೆಂಗಸೊಬ್ಬಳು ಅವನ ಸಮವಸ್ತ್ರ ನೋಡಿ ಸೀದಾ ಬಂದಳು.

“ನೀವು ಇಲ್ಲಿಯವರೇ ಅಲ್ವೇನ್ರೀ? ಯಾವನೋ ಕಸ ಗುಡಿಸೋನು ರನ್‌ವೇ ಮಧ್ಯೆ ಲಾರಿ ನಿಲ್ಲಿಸ್ಕೊಂಡು ಕೂತಿದ್ನಂತೆ. ಇನ್ನೇನು ಇಳೀಬೇಕು, ವಾಪಸ್ ಮೇಲೆ ಹೋದ್ವಿ! ಮಗು ವಾಂತಿ ಮಾಡ್ಕೊಳ್ತು. ನಮ್ಮ ಮುಂದಿನ ಬಸ್ಸೂ ಹೋಯ್ತು. ಯಾರ್ರೀ ಅವನು? ಸ್ವಲ್ಪನಾದ್ರೂ ಜವಾಬ್ದಾರಿ ಬೇಡ್ವಾ?”

“ನಾನೇ ಅಮ್ಮ,” ಎಂದ ಪೊರಕೆಯಣ್ಣ.

ಮಗು ಅವನ ಜೇಬಿನ ಗುಂಡಿಗೆ ಕೈ ಹಾಕಿ ಎಳೆಯುತ್ತಿತ್ತು. ಅವನಿಗೆ ಏನೇನೋ ಹೇಳಬೇಕೆನ್ನಿಸಿತು. ತಗಡಿನ ವಿಷಯ ಹೇಳಬಹುದಿತ್ತು. ಹೇಳಲಿಲ್ಲ. ತಿಂಗಳಿಂದ ಕಟ್ಟಿ ಹಾಕಿದ ನಾಲಿಗೆ ತಾನಾಗಿ ಹೊರಳಿತು. ರನ್‌ವೇಯೂ ಅಲ್ಲ, ಮನೆಯೂ ಅಲ್ಲ, ಇಲ್ಲಿ ಯಾವ ನಿಷೇಧವೂ ಇರಲಿಲ್ಲ. ಅವನು ಎರಡೂ ಕೈ ಜೋಡಿಸಿದ.

“ತಪ್ಪಾಯ್ತಮ್ಮ,” ಎಂದ.

ಎಂದವನ ಕಣ್ಣಲ್ಲಿ ನೀರು ಧಾರಾಕಾರವಾಗಿ ಇಳಿಯಿತು. ತನಿಖೆಯ ದಿನ ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂತಿದ್ದವರಿಗೆ, ಬಯಲಿನಲ್ಲಿ ಬಿದ್ದವರಿಗೆ, ಯಾರಿಗೂ ಅವನು ಆ ಮಾತು ಹೇಳಿರಲಿಲ್ಲ, ಹೇಳಲು ಬಾಯಿ ಬಂದಿರಲಿಲ್ಲ. “ತಪ್ಪಾಯ್ತು,” ಎಂದ ಮತ್ತೆ.

ಹೆಂಗಸು ಗಲಿಬಿಲಿಗೊಂಡಳು. ಒಂದು ಬಸ್ಸು ತಪ್ಪಿದ್ದಕ್ಕೆ ಇಷ್ಟು ದೊಡ್ಡ ಗಂಡಸು ಹೀಗೆ ಅಳುವುದೇ ಎಂದು ಅವಳಿಗೆ ನಾಚಿಕೆಯಾಗಿರಬೇಕು. ಮಗುವಿನ ಕೈಯಿಂದ ಅವನ ಗುಂಡಿ ಬಿಡಿಸಿದಳು.

“ಅಯ್ಯೋ, ಇರಲಿ ಬಿಡಿ,” ಎಂದಳು. “ಏನೋ ಕೆಲಸ ಇತ್ತೇನೋ ಪಾಪ. ಇರಲಿ ಬಿಡಿ ಅಣ್ಣ. ಇನ್ನೊಂದು ಬಸ್ಸಿದೆ.”